ಒಂದು ಕರು, ಎರಡು ದೇಶ, ಮೂರು ಮಾತಿನ ಚೀಟಿ

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ದಕ್ಷಿಣದ ಅಂಚಿನಲ್ಲಿ ಸಾಂಟಾ ತೆರೇಸಾ ಎಂಬ ಗಡಿ ಠಾಣೆ ಇದೆ. ಬೇಲಿಯ ಆಚೆ ಮೆಕ್ಸಿಕೋದ ಚಿವಾವಾ ರಾಜ್ಯದ ಸ್ಯಾನ್ ಹೆರೋನಿಮೊ. ಎರಡೂ ಕಡೆ ಬೇಲಿಗೆ ಅಂಟಿಕೊಂಡಂತೆ ದನದ ದೊಡ್ಡಿಗಳಿವೆ. ಗಡಿ ತೆರೆದಿರುವ ದಿನಗಳಲ್ಲಿ ಇಲ್ಲಿ ಕರುಗಳು ನಡೆದೇ ದೇಶ ದಾಟುತ್ತವೆ. ಹಾಗೆ ದಾಟುವ ಮೊದಲು ಅವು ಪಡುವ ಪಾಡು ಸಣ್ಣದಲ್ಲ. ಕಿವಿಗೆ ಬಿಲ್ಲೆ ಚುಚ್ಚುತ್ತಾರೆ. ಬಲ ಚಪ್ಪೆಯ ಮೇಲೆ ಇಂಗ್ಲಿಷಿನ ‘ಎಂ’ ಅಕ್ಷರದ ಬರೆ ಹಾಕುತ್ತಾರೆ. ಹೆಣ್ಣುಗರುವಾದರೆ ಅಂಡಾಶಯ ತೆಗೆದು ‘ಎಂಎಕ್ಸ್’ ಎಂದು ಗುರುತು ಮಾಡುತ್ತಾರೆ. ಕ್ಷಯದ ಪರೀಕ್ಷೆ ಆಗಬೇಕು. ಉಣ್ಣೆ ಸಾಯಿಸುವ ಔಷಧಿ ಬೆರೆಸಿದ ತೊಟ್ಟಿಯಲ್ಲಿ ಪೂರ್ತಿ ಮುಳುಗಿ ಏಳಬೇಕು. ಅಮೆರಿಕದ ಕೃಷಿ ಇಲಾಖೆಯ ಪಶುವೈದ್ಯರು ಒಂದೊಂದನ್ನೂ ನಿಲ್ಲಿಸಿ ನೋಡಿದ ಮೇಲಷ್ಟೇ ಗೇಟು ತೆರೆಯುತ್ತದೆ.

ಅಲ್ಲಿಂದ ಆ ಕರು ಟೆಕ್ಸಾಸ್‌ನ ಹುಲ್ಲುಗಾವಲಿಗೋ ಫೀಡ್‌ಲಾಟಿಗೋ ಹೋಗುತ್ತದೆ. ಫೀಡ್‌ಲಾಟ್ ಎಂದರೆ ಸಾವಿರಾರು ದನಗಳನ್ನು ಬಯಲು ದೊಡ್ಡಿಗಳಲ್ಲಿ ಕೂಡಿ, ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸುವ ಜಾಗ. ಗಡಿಯಲ್ಲಿ ಇನ್ನೂರು ಕಿಲೋ ಆಸುಪಾಸಿನಲ್ಲಿದ್ದ ಕರು, ಕಸಾಯಿಖಾನೆಯ ಬಾಗಿಲಿಗೆ ಬರುವ ಹೊತ್ತಿಗೆ ಆರುನೂರು ಕಿಲೋ ದಾಟಿರುತ್ತದೆ. ಹುಟ್ಟಿದ್ದು ಮೆಕ್ಸಿಕೋದಲ್ಲಿ, ಮೈ ತುಂಬಿಕೊಂಡದ್ದು ಅಮೆರಿಕದಲ್ಲಿ, ಪ್ರಾಣ ಬಿಟ್ಟದ್ದೂ ಅಮೆರಿಕದಲ್ಲಿ. ಹಾಗಾದರೆ ಆ ಮಾಂಸ ಯಾವ ದೇಶದ್ದು?

ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಬರೆಯಲು ಹೊರಟು ಅಮೆರಿಕ, ಕೆನಡಾ, ಮೆಕ್ಸಿಕೋ ಏಳು ವರ್ಷ ಜಗಳವಾಡಿದವು. ವಿಶ್ವ ವ್ಯಾಪಾರ ಸಂಸ್ಥೆಯ ಕಟ್ಟೆಯಲ್ಲಿ ನಾಲ್ಕು ಬಾರಿ ತೀರ್ಪಾಯಿತು. ಅಂಗಡಿಯ ತಣ್ಣನೆಯ ಕಪಾಟಿನಲ್ಲಿ ಗಿರಾಕಿಯೊಬ್ಬಳು ಎರಡು ಸೆಕೆಂಡು ನೋಡಿ ಬಿಡುವ ಚೀಟಿಗಾಗಿ ಇಷ್ಟೆಲ್ಲ ನಡೆಯಿತು. ಆ ಚೀಟಿಯ ಭಾರ ಹೊತ್ತವರು ಅದನ್ನು ಬರೆದವರೂ ಅಲ್ಲ, ಓದಿದವರೂ ಅಲ್ಲ, ಕರು ಸಾಕಿದವರು. ಈ ಕಥೆಯನ್ನು ಅವರ ಕಡೆಯಿಂದಲೇ ನೋಡಬೇಕು.

ಬೇಲಿ ಮರೆತ ದನಗಳು

ಉತ್ತರ ಅಮೆರಿಕದ ದನದ ವ್ಯಾಪಾರಕ್ಕೆ ಭೂಪಟದ ಗೆರೆಗಿಂತ ಮೇವಿನ ಲೆಕ್ಕ ಮುಖ್ಯ. ಮೆಕ್ಸಿಕೋದ ಚಿವಾವಾ, ಸೊನೋರಾ, ಡುರಾಂಗೊ ಸೀಮೆಗಳು ಒಣ ಹುಲ್ಲುಗಾವಲಿನ ನಾಡು. ಅಲ್ಲಿ ಹಸು ಸಾಕಿ ಕರು ಹಾಕಿಸಬಹುದು. ಅದನ್ನು ಕೊಬ್ಬಿಸುವಷ್ಟು ಧಾನ್ಯ ಅಗ್ಗಕ್ಕೆ ಸಿಗುವುದಿಲ್ಲ. ಧಾನ್ಯ ಇರುವುದು ಬೇಲಿಯ ಆಚೆ. ಹೀಗಾಗಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸಿನಲ್ಲಿ ಕರುಗಳು ಬಡಗಣಕ್ಕೆ ನಡೆಯುವುದು ಅಲ್ಲಿನ ವಾಡಿಕೆ.

ಕೆನಡಾದ ಕಡೆಯ ಕಥೆ ಬೇರೆ. ಅಲ್ಲಿನ ಬಯಲುಸೀಮೆಯ ಧಾನ್ಯವನ್ನು ಬಂದರಿಗೆ ಸಾಗಿಸಲು ಸರ್ಕಾರ ಬಹುಕಾಲ ರೈಲು ಬಾಡಿಗೆಯಲ್ಲಿ ಸಬ್ಸಿಡಿ ಕೊಡುತ್ತಿತ್ತು. 1995ರಲ್ಲಿ ಅದು ನಿಂತುಹೋಯಿತು. ಬಾರ್ಲಿಯನ್ನು ದೂರ ಕಳಿಸುವುದಕ್ಕಿಂತ ದನಕ್ಕೆ ತಿನ್ನಿಸುವುದೇ ಲಾಭ ಎಂದಾಯಿತು. ಆಲ್ಬರ್ಟಾದ ಲೆಥ್‌ಬ್ರಿಜ್ ಸುತ್ತಮುತ್ತ ಫೀಡ್‌ಲಾಟ್‌ಗಳು ಬೆಳೆದು ನಿಂತವು. ಜನ ಆ ಪ್ರದೇಶವನ್ನು ‘ಫೀಡ್‌ಲಾಟ್ ಆ್ಯಲಿ’ ಎಂದೇ ಕರೆಯುತ್ತಾರೆ. 1989ರ ಕೆನಡಾ–ಅಮೆರಿಕ ಮುಕ್ತ ವ್ಯಾಪಾರ ಒಪ್ಪಂದ, ಅದರ ಬೆನ್ನಿಗೆ 1994ರ ನಾಫ್ಟಾ ಬಂದು ಸುಂಕದ ತಡೆ ಬಿದ್ದುಹೋಗಿತ್ತು. ಲೆಥ್‌ಬ್ರಿಜ್‌ನಿಂದ ಗಡಿ ಊರಾದ ಕೂಟ್ಸ್‌ಗೆ ಲಾರಿಯಲ್ಲಿ ಹತ್ತಿರದ ಹಾದಿ. ಕೊಬ್ಬಿದ ಹೋರಿಗಳು ಅಲ್ಲಿಂದ ವಾಷಿಂಗ್ಟನ್, ಯೂಟಾ, ಕೊಲೊರಾಡೊ, ನೆಬ್ರಾಸ್ಕಾಗಳ ಕಸಾಯಿಖಾನೆಗಳಿಗೆ ಹೋಗುತ್ತಿದ್ದವು. 2002ರಲ್ಲಿ ಹೀಗೆ ದಾಟಿದ ಜೀವಂತ ದನಗಳ ಸಂಖ್ಯೆ ಹದಿನಾರು ಲಕ್ಷದ ಮೇಲೆ.

ಈ ಮೂರು ದೇಶಗಳು ದನದ ಮಟ್ಟಿಗೆ ಒಂದೇ ಒಕ್ಕಲುತನ ಮಾಡುತ್ತಿದ್ದವು ಎಂದರೆ ತಪ್ಪಲ್ಲ.

ಒಂದು ಹಸು, ಮುಚ್ಚಿದ ಗಡಿ

2003ರ ಮೇ 20ರಂದು ಆಲ್ಬರ್ಟಾದ ಒಂದೇ ಒಂದು ಹಸುವಿನಲ್ಲಿ ಹುಚ್ಚು ಹಸು ರೋಗ, ಅಂದರೆ ಬಿಎಸ್‌ಇ, ಇರುವುದು ಪ್ರಕಟವಾಯಿತು. ಅಂದೇ ಅಮೆರಿಕ ಗಡಿ ಮುಚ್ಚಿತು. ಕೆನಡಾದ ಸಾಕಣೆದಾರರಿಗೆ ಅದು ಸಿಡಿಲು. ದನಗಳು ದೊಡ್ಡಿಯಲ್ಲಿ ಮೇಯುತ್ತಲೇ ಇದ್ದವು, ಕೊಳ್ಳುವವರಿರಲಿಲ್ಲ, ಮೇವಿನ ಬಿಲ್ಲು ಮಾತ್ರ ತಪ್ಪದೆ ಬರುತ್ತಿತ್ತು.

ಅದೇ ವರ್ಷ ಡಿಸೆಂಬರ್ 23ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೋಲ್‌ಸ್ಟೀನ್ ಹಸುವೊಂದರಲ್ಲೂ ರೋಗ ಕಾಣಿಸಿತು. ಜಪಾನ್, ಕೊರಿಯಾ ಅಮೆರಿಕದ ಮಾಂಸವನ್ನು ನಿಲ್ಲಿಸಿದವು. ಹುಡುಕುತ್ತ ಹೋದಾಗ ಆ ಹಸು ಹುಟ್ಟಿದ್ದು ಆಲ್ಬರ್ಟಾದಲ್ಲಿ ಎಂದು ಕಿವಿಯ ಬಿಲ್ಲೆಯಿಂದ ತಿಳಿಯಿತು, ಡಿಎನ್‌ಎ ಪರೀಕ್ಷೆ ಅದನ್ನು ಖಾತ್ರಿ ಮಾಡಿತು. ಇವತ್ತು ನಮ್ಮ ಹಳ್ಳಿಗಳ ಹಸು ಎಮ್ಮೆಗಳ ಕಿವಿಯಲ್ಲೂ 12 ಅಂಕಿಯ ಹಳದಿ ಬಿಲ್ಲೆ ತೂಗುತ್ತದೆ. ಒಂದು ಬಿಲ್ಲೆ ಎಷ್ಟು ದೊಡ್ಡ ಸಾಕ್ಷಿ ಹೇಳಬಲ್ಲದು ಎಂಬುದಕ್ಕೆ ಆ ಹೋಲ್‌ಸ್ಟೀನ್‌ಗಿಂತ ಬೇರೆ ಉದಾಹರಣೆ ಬೇಡ.

ಗಡಿ ಮತ್ತೆ ತೆರೆದದ್ದು 2005ರ ಜುಲೈನಲ್ಲಿ, ಅದೂ 30 ತಿಂಗಳೊಳಗಿನ ದನಗಳಿಗೆ ಮಾತ್ರ. ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ನೆಲೆ ಇರುವ ಆರ್-ಕಾಫ್ ಎಂಬ ಸಾಕಣೆದಾರರ ಸಂಘಟನೆ ಅದನ್ನೂ ತಡೆಯಲು ಕೋರ್ಟಿಗೆ ಹೋಗಿ, ಕೆಲವು ತಿಂಗಳು ತಡೆಯಾಜ್ಞೆ ತಂದಿತ್ತು. ರೋಗದ ಭಯ, ಬೆಲೆಯ ಭಯ, ದೇಶಾಭಿಮಾನ ಮೂರೂ ಆಗ ಬೆರೆತುಹೋದವು. ಮೂಲ ದೇಶದ ಚೀಟಿಯ ಬೇಡಿಕೆಗೆ ಬಲ ಬಂದದ್ದು ಈ ಹೊತ್ತಿನಲ್ಲಿ.

ಚೀಟಿ ಹುಟ್ಟಿದ ಬಗೆ

ಚೀಟಿಯ ಕಾನೂನು ರೋಗಕ್ಕಿಂತ ಮೊದಲೇ ಹುಟ್ಟಿತ್ತು. 2002ರ ಕೃಷಿ ಮಸೂದೆಯಲ್ಲಿ ದನ, ಹಂದಿ, ಕುರಿಯ ಮಾಂಸ, ಮೀನು, ಹಣ್ಣು ತರಕಾರಿ, ಕಡಲೆಕಾಯಿ ಇವೆಲ್ಲವುಗಳ ಮೇಲೆ ಮೂಲ ದೇಶ ಬರೆಯುವುದು ಕಡ್ಡಾಯವೆಂದು ಅಮೆರಿಕದ ಸಂಸತ್ತು ಹೇಳಿತ್ತು. ‘ಕಂಟ್ರಿ ಆಫ್ ಒರಿಜಿನ್ ಲೇಬಲಿಂಗ್’ ಎಂಬ ಉದ್ದ ಹೆಸರು ಸವೆದು ‘ಕೂಲ್’ ಆಯಿತು. ಮೀನಿಗೆ 2005ರಲ್ಲೇ ಜಾರಿಯಾಯಿತು. ಮಾಂಸದ ಕಂಪನಿಗಳ ವಿರೋಧದಿಂದ ಉಳಿದದ್ದು ಮುಂದೆ ಮುಂದೆ ಹೋಗಿ, 2008ರ ಸೆಪ್ಟೆಂಬರ್ 30ಕ್ಕೆ ಜಾರಿಗೆ ಬಂತು. ಅಂತಿಮ ನಿಯಮ 2009ರ ಮಾರ್ಚ್‌ನಲ್ಲಿ.

ನಿಯಮ ಮಾಂಸವನ್ನು ನಾಲ್ಕು ಪಾಲು ಮಾಡಿತು. ಹುಟ್ಟಿ, ಬೆಳೆದು, ಕಡಿದದ್ದು ಮೂರೂ ಅಮೆರಿಕದಲ್ಲೇ ಆದರೆ ‘ಎ’. ಹೊರಗೆ ಹುಟ್ಟಿ ಅಮೆರಿಕದಲ್ಲಿ ಬೆಳೆದರೆ ‘ಬಿ’, ಚೀಟಿಯಲ್ಲಿ ಎರಡು ದೇಶದ ಹೆಸರು. ನೇರ ಕಸಾಯಿಖಾನೆಗೆ ಬಂದ ದನಕ್ಕೆ ‘ಸಿ’. ಮಾಂಸವಾಗಿಯೇ ಹೊರಗಿನಿಂದ ಬಂದದ್ದು ‘ಡಿ’. ಕಾಗದದ ಮೇಲೆ ಚೊಕ್ಕವಾಗಿಯೇ ಇದೆ. ಗಿರಾಕಿಗೆ ತಾನು ತಿನ್ನುವುದು ಎಲ್ಲಿಯದು ಎಂದು ತಿಳಿಯುವ ಹಕ್ಕಿದೆ. ಅದನ್ನು ಯಾರೂ ಅಲ್ಲಗಳೆಯಬಾರದು, ನಾನಂತೂ ಅಲ್ಲಗಳೆಯುವುದಿಲ್ಲ. ಯುರೋಪಿನಲ್ಲಿ ಇದೇ ಹುಚ್ಚು ಹಸು ರೋಗದ ಬಳಿಕ, ದನದ ಮಾಂಸದ ಮೇಲೆ ಹುಟ್ಟಿದ, ಸಾಕಿದ, ಕಡಿದ ದೇಶಗಳನ್ನು ಬರೆಯುವುದು 2002ರಿಂದ ಕಡ್ಡಾಯವಾಯಿತು. ಪ್ರತಿ ಪ್ರಾಣಿಯ ಗುರುತಿನ ವ್ಯವಸ್ಥೆಯ ಮೇಲೆ ಅದು ನಿಂತಿದೆ. ಅಮೆರಿಕದ ತೊಂದರೆ ಬೇರೆ ಕಡೆ ಇತ್ತು.

ಚರ್ಮ ಸುಲಿದ ಮೇಲೆ

ಆ ತೊಂದರೆಯನ್ನು ಕಾಣಲು ಕಸಾಯಿಖಾನೆಯ ಒಳಗೆ ಹೋಗಬೇಕು. ಅಮೆರಿಕದ ದೊಡ್ಡ ಘಟಕವೊಂದು ದಿನಕ್ಕೆ ನಾಲ್ಕೈದು ಸಾವಿರ ದನಗಳನ್ನು ಕಡಿಯುತ್ತದೆ. ಒಂದರ ಹಿಂದೆ ಒಂದು ಕೊಕ್ಕೆಯಲ್ಲಿ ತೂಗುತ್ತ ಸಾಗುತ್ತವೆ. ಗಡಿಯಲ್ಲಿ ಅಷ್ಟು ಕಷ್ಟಪಟ್ಟು ಹಾಕಿದ ‘ಎಂ’ ಬರೆ, ಕೆನಡಾದ ದನದ ಮೇಲಿನ ‘ಸಿಎಎನ್’ ಬರೆ, ಕಿವಿಯ ಬಿಲ್ಲೆ ಎಲ್ಲ ಚರ್ಮದ ಜೊತೆ, ತಲೆಯ ಜೊತೆ ಹೋಗಿಬಿಡುತ್ತವೆ. ಚರ್ಮ ಸುಲಿದ ಮೇಲೆ ಚಿವಾವಾದ ಹೋರಿಗೂ ನೆಬ್ರಾಸ್ಕಾದ ಹೋರಿಗೂ ಗುರುತು ಹಿಡಿಯುವಂಥ ವ್ಯತ್ಯಾಸ ಒಂದೂ ಉಳಿಯುವುದಿಲ್ಲ.

ಹೀಗಾಗಿ ಚೀಟಿ ನಿಜ ಹೇಳಬೇಕಾದರೆ ದಾರಿ ಒಂದೇ: ಹೊರಗಿನ ದನಗಳನ್ನು ಮೊದಲಿನಿಂದ ಕೊನೆಯವರೆಗೆ ಬೇರೆ ಇಡುವುದು. ಬೇರೆ ದೊಡ್ಡಿ, ಬೇರೆ ಸರದಿ, ಕಡಿಯುವ ಸಾಲಿನಲ್ಲಿ ನಡುವೆ ಬಿಡುವು, ಬೇರೆ ಶೀತಕೋಣೆ, ಬೇರೆ ಪೆಟ್ಟಿಗೆ, ಬೇರೆ ಸಂಕೇತ, ಬೇರೆ ದಾಸ್ತಾನು ಪುಸ್ತಕ. ಜೊತೆಗೆ ಸಾಕಣೆದಾರನಿಂದ ಹಿಡಿದು ಅಂಗಡಿಯವರೆಗೆ ಪ್ರತಿ ಕೈ ಬದಲಾದಾಗಲೂ ಪ್ರಮಾಣಪತ್ರ. ಮೊದಲ ವರ್ಷದ ಜಾರಿಯ ಖರ್ಚು ಸುಮಾರು 260 ಕೋಟಿ ಡಾಲರ್ ಎಂದು ಅಮೆರಿಕದ ಕೃಷಿ ಇಲಾಖೆಯೇ ಅಂದಾಜು ಮಾಡಿತ್ತು.

ಇದನ್ನೆಲ್ಲ ತಪ್ಪಿಸಿಕೊಳ್ಳಲು ಕಂಪನಿಗೆ ಸುಲಭದ ಉಪಾಯವೊಂದಿತ್ತು. ಹೊರಗಿನ ದನ ಕೊಳ್ಳದಿದ್ದರಾಯಿತು! ಕೆಲವು ಘಟಕಗಳು ಕೊಳ್ಳುವುದನ್ನೇ ನಿಲ್ಲಿಸಿದವು. ಕೆಲವು ವಾರದ ಇಂತಿಂಥ ದಿನ ಮಾತ್ರ ತನ್ನಿ ಎಂದವು. ಕೊಂಡವರು ಪ್ರತಿ ದನದ ಬೆಲೆಯಲ್ಲಿ ಇಷ್ಟು ಎಂದು ಮುರಿದುಕೊಂಡರು. ಆ ಮುರಿತಕ್ಕೆ ಸಂತೆಯಲ್ಲಿ ‘ಕೂಲ್ ಡಿಸ್ಕೌಂಟ್’ ಎಂದೇ ಹೆಸರು ಬಿತ್ತು. ಕಂಪನಿ ಫೀಡ್‌ಲಾಟಿನಿಂದ ಮುರಿದುಕೊಂಡಿತು, ಫೀಡ್‌ಲಾಟ್ ಕರು ಮಾರುವವನಿಂದ ಮುರಿದುಕೊಂಡಿತು. ಕರು ಮಾರುವವನಿಗೆ ಮುರಿದುಕೊಳ್ಳಲು ಹಿಂದೆ ಯಾರೂ ಇರಲಿಲ್ಲ.

ಗುರುತಿಸಬೇಕಾದ ಇನ್ನೊಂದು ಸಂಗತಿ: ಆ ದನಕ್ಕೆ ಅಮೆರಿಕದ ನಿಯಮ ಎಲ್ಲೂ ‘ಪ್ರವೇಶವಿಲ್ಲ’ ಎಂದು ಹೇಳಿರಲಿಲ್ಲ. ಒಂದು ಪೈಸೆ ಸುಂಕ ಹಾಕಿರಲಿಲ್ಲ. ಬರೀ ಬರೆಯಿರಿ ಎಂದಿತ್ತು. ಅಷ್ಟರಿಂದಲೇ ವ್ಯಾಪಾರ ತಿರುಗಿಹೋಯಿತು.

ಜಿನೀವಾದ ತಕ್ಕಡಿ

2008ರ ಡಿಸೆಂಬರ್‌ನಲ್ಲಿ ಕೆನಡಾ, ಅದರ ಹಿಂದೆಯೇ ಮೆಕ್ಸಿಕೋ ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಭಾರತವೂ ಮೂರನೇ ಪಕ್ಷವಾಗಿ ಆ ವ್ಯಾಜ್ಯದಲ್ಲಿ ಕುಳಿತಿತ್ತು. 2011ರ ನವೆಂಬರ್‌ನಲ್ಲಿ ವಿಚಾರಣಾ ಸಮಿತಿಯ ವರದಿ, 2012ರ ಜೂನ್ 29ರಂದು ಮೇಲ್ಮನವಿ ಮಂಡಳಿಯ ತೀರ್ಪು ಬಂದವು. ಎರಡರಲ್ಲೂ ಅಮೆರಿಕ ಸೋತಿತು.

ಸೋಲಿನ ಕಾರಣವನ್ನು ನಿಧಾನವಾಗಿ ಓದಬೇಕು. ಗಿರಾಕಿಗೆ ಮೂಲ ದೇಶ ತಿಳಿಸುವ ಉದ್ದೇಶ ತಪ್ಪೆಂದು ಜಿನೀವಾ ಹೇಳಲಿಲ್ಲ. ಅದು ನ್ಯಾಯವಾದ ಉದ್ದೇಶವೇ ಎಂದಿತು. ತಪ್ಪು ಕಂಡದ್ದು ಇಲ್ಲಿ: ಸಾಕಣೆದಾರ, ಫೀಡ್‌ಲಾಟ್, ಕಸಾಯಿಖಾನೆ ಎಲ್ಲರಿಂದ ಒಂದೊಂದು ದನದ ಪೂರ್ತಿ ವಿವರ ಕೇಳಿ ಬರೆಸಿಕೊಳ್ಳುತ್ತೀರಿ, ಆದರೆ ಅದರಲ್ಲಿ ಸ್ವಲ್ಪವನ್ನು ಮಾತ್ರ ಗಿರಾಕಿಗೆ ಹೇಳುತ್ತೀರಿ. ಹೋಟೆಲಿನ ತಟ್ಟೆಯಲ್ಲಿನ ಮಾಂಸಕ್ಕೆ ಚೀಟಿ ಬೇಡ. ಮಸಾಲೆ ಹಾಕಿ ಸಂಸ್ಕರಿಸಿದ್ದಕ್ಕೆ ಬೇಡ. ಸಣ್ಣ ಕಟುಕರ ಅಂಗಡಿಗೆ ಬೇಡ. ಒಂದೇ ದಿನ ಬೆರೆಸಿ ಕಡಿದರೆ ‘ಎ’ ಮಾಂಸಕ್ಕೂ ‘ಬಿ’ ಚೀಟಿ ಹಚ್ಚಬಹುದು. ಮುಂದಿನ ಸುತ್ತಿನ ವಿಚಾರಣೆಯಲ್ಲಿ ಒಂದು ಅಂಕಿ ಹೊರಬಿತ್ತು: ಅಮೆರಿಕದಲ್ಲಿ ತಿನ್ನುವ ದನದ ಮಾಂಸದ ಶೇ 57.7ರಿಂದ 66.7ರಷ್ಟು, ಕಡತದ ಹೊರೆ ಹೊತ್ತರೂ ಗಿರಾಕಿಗೆ ಮೂಲದ ಒಂದು ಮಾತೂ ಹೇಳುತ್ತಿರಲಿಲ್ಲ. ಹೊರೆ ಎಲ್ಲರ ಮೇಲೆ, ತಿಳಿವಳಿಕೆ ಕೆಲವರಿಗೆ. ಹೀಗಿರುವಾಗ ಆ ಹೊರೆಗೆ ಗಿರಾಕಿಯ ಹಕ್ಕು ಎಂಬ ಸಮರ್ಥನೆ ನಿಲ್ಲುವುದಿಲ್ಲ ಎಂಬುದು ತೀರ್ಪಿನ ತಿರುಳು. ನನ್ನ ಮಟ್ಟಿಗೆ ಇಡೀ ವ್ಯಾಜ್ಯದಲ್ಲಿ ಇದಕ್ಕಿಂತ ನ್ಯಾಯವಾದ ಮಾತು ಇನ್ನೊಂದಿಲ್ಲ.

ಅಮೆರಿಕ 2013ರ ಮೇ 23ರಂದು ನಿಯಮ ತಿದ್ದಿತು. ಆದರೆ ಹೊರೆ ಇಳಿಸಲಿಲ್ಲ, ಏರಿಸಿತು. ‘ಹುಟ್ಟಿದ್ದು ಮೆಕ್ಸಿಕೋ, ಬೆಳೆದದ್ದು ಮತ್ತು ಕಡಿದದ್ದು ಅಮೆರಿಕ’ ಎಂದು ಮೂರೂ ಹಂತ ಬರೆಯಬೇಕು, ಬೆರೆಸಿ ಕಡಿಯುವ ಹಾಗಿಲ್ಲ ಎಂದಿತು. ಹೋಟೆಲು, ಸಂಸ್ಕರಿಸಿದ ಮಾಂಸಗಳ ವಿನಾಯಿತಿ ಹಾಗೇ ಉಳಿಯಿತು. ಬಹುಪಾಲು ಆಯುಷ್ಯವನ್ನು ಕೆನಡಾದಲ್ಲಿ ಕಳೆದ ಹೋರಿಗೂ ‘ಬೆಳೆದದ್ದು ಅಮೆರಿಕ’ ಎಂದು ಬರೆಯಲು ದಾರಿ ಇತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಟೈಸನ್ ಕಂಪನಿ, ಕೆನಡಾದ ಫೀಡ್‌ಲಾಟ್‌ಗಳಿಂದ ನೇರ ತನ್ನ ಅಮೆರಿಕದ ಘಟಕಗಳಿಗೆ ಬರುತ್ತಿದ್ದ ದನಗಳನ್ನು ಕೊಳ್ಳುವುದನ್ನು ನಿಲ್ಲಿಸಿತು. ಆಲ್ಬರ್ಟಾದಲ್ಲಿ ಉಳಿದ ದೊಡ್ಡ ಕೊಳ್ಳುವವರು ಹೈ ರಿವರ್‌ನ ಕಾರ್ಗಿಲ್ ಮತ್ತು ಬ್ರೂಕ್ಸ್‌ನ ಜೆಬಿಎಸ್, ಇಬ್ಬರೇ. ಕೊಳ್ಳುವವರು ಕಡಿಮೆಯಾದ ಸಂತೆಯಲ್ಲಿ ಮಾರುವವನ ಮಾತು ಎಷ್ಟು ನಡೆಯುತ್ತದೆ ಎಂಬುದು ನಮ್ಮ ಎಪಿಎಂಸಿಯ ಅಂಗಳ ಕಂಡ ಯಾರಿಗೂ ಹೊಸ ವಿಷಯವಲ್ಲ.

2014ರಲ್ಲಿ ಮತ್ತೆ ಸೋಲು, 2015ರ ಮೇ 18ರಂದು ಕೊನೆಯ ಸೋಲು. ಆಗ ಕೆನಡಾ ಹಗೆ ತೀರಿಸಿಕೊಳ್ಳುವ ಪಟ್ಟಿಯನ್ನು ಮುಂದಿಟ್ಟಿತು. ಆ ಪಟ್ಟಿಯಲ್ಲಿ ದನ, ಹಂದಿಯ ಮಾಂಸ ಮಾತ್ರವಲ್ಲ. ವೈನ್, ಚೆರ್ರಿ, ಸೇಬು, ಚಾಕೊಲೇಟ್, ಕೆಚಪ್, ಒಡವೆ, ಹಾಸಿಗೆ, ಕಚೇರಿಯ ಪೀಠೋಪಕರಣ ಎಲ್ಲ ಇದ್ದವು. ದನ ಕಂಡೇ ಇಲ್ಲದ ಕ್ಯಾಲಿಫೋರ್ನಿಯಾದ ದ್ರಾಕ್ಷಿ ಬೆಳೆಗಾರನಿಗೂ, ವಾಷಿಂಗ್ಟನ್ನಿನ ಚೆರ್ರಿ ತೋಟದವನಿಗೂ ಈ ಜಗಳ ಮನೆ ಬಾಗಿಲಿಗೆ ಬಂತು. ಜೂನ್ 10ರಂದು ಅಮೆರಿಕದ ಕೆಳಮನೆ 300–131 ಮತಗಳಿಂದ ಚೀಟಿಯ ಕಾನೂನು ರದ್ದಾಗಲಿ ಎಂದಿತು. ಡಿಸೆಂಬರ್ 7ರಂದು ವಿಶ್ವ ವ್ಯಾಪಾರ ಸಂಸ್ಥೆಯ ಪಂಚಾಯ್ತಿಯ ತೀರ್ಮಾನ ಬಂತು: ವರ್ಷಕ್ಕೆ ಕೆನಡಾ 105 ಕೋಟಿ ಕೆನಡಾ ಡಾಲರ್ ಮೀರಿದ, ಮೆಕ್ಸಿಕೋ ಸುಮಾರು 22 ಕೋಟಿ 77 ಲಕ್ಷ ಅಮೆರಿಕನ್ ಡಾಲರಿನ ಪ್ರತಿಸುಂಕ ಹಾಕಬಹುದು. ಹನ್ನೊಂದೇ ದಿನ. ಡಿಸೆಂಬರ್ 18ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ಬಜೆಟ್ ಮಸೂದೆಯೊಳಗೆ ದನ ಮತ್ತು ಹಂದಿ ಮಾಂಸದ ಚೀಟಿಯ ಕಡ್ಡಾಯ ರದ್ದಾಗಿತ್ತು. ಪ್ರತಿಸುಂಕ ಬೀಳಲೇ ಇಲ್ಲ.

ಮೊಂಟಾನಾದವರ ಮಾತು

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಚೀಟಿಗಾಗಿ ಹೋರಾಡಿದ ಅಮೆರಿಕದ ಸಾಕಣೆದಾರರನ್ನು ಸಂಕುಚಿತ ಮನಸ್ಸಿನವರೆಂದು ತಳ್ಳಿಹಾಕುವುದು ಅನ್ಯಾಯ. ಅವರೂ ಸಣ್ಣವರೇ. ಅಮೆರಿಕದಲ್ಲಿ ಕೊಬ್ಬಿಸಿದ ದನಗಳಲ್ಲಿ ಸುಮಾರು ಶೇ 85ನ್ನು ಕೊಳ್ಳುವವರು ಟೈಸನ್, ಜೆಬಿಎಸ್, ಕಾರ್ಗಿಲ್, ನ್ಯಾಷನಲ್ ಬೀಫ್ ಎಂಬ ನಾಲ್ಕೇ ಕಂಪನಿಗಳು. ಗಡಿಯ ಎರಡೂ ಕಡೆಯ ದನ ಕೊಳ್ಳುವವರು ಇವರೇ. ಇಲ್ಲಿ ಬೆಲೆ ಏರಿದರೆ ಅಲ್ಲಿಂದ ತರುತ್ತಾರೆ. ಮೊಂಟಾನಾದ ಸಾಕಣೆದಾರ ಕೇಳಿದ್ದು ಇಷ್ಟೇ: ನನ್ನ ಹುಲ್ಲುಗಾವಲಿನಲ್ಲಿ ಹುಟ್ಟಿದ ಕರುವಿಗೆ ನನ್ನ ದೇಶದ ಹೆಸರು ಸಿಗಲಿ, ಗಿರಾಕಿ ಆರಿಸಿಕೊಳ್ಳಲಿ.

ಅವನು ನಿರೀಕ್ಷಿಸಿದ ಹೆಚ್ಚಿನ ಬೆಲೆ ಮಾತ್ರ ಸಿಗಲಿಲ್ಲ. ಚೀಟಿಯಿಂದ ಗಿರಾಕಿಯ ಬೇಡಿಕೆ ಅಳೆಯುವಷ್ಟು ಏರಿದ್ದಕ್ಕೆ ಪುರಾವೆ ಇಲ್ಲ ಎಂದು 2015ರಲ್ಲಿ ಕೃಷಿ ಇಲಾಖೆ ಸಂಸತ್ತಿಗೆ ಕೊಟ್ಟ ವರದಿಯೇ ಹೇಳಿತು. ಕೆನಡಾದವನು ಕಳೆದುಕೊಂಡದ್ದು ಮೊಂಟಾನಾದವನ ಕೈಗೆ ಬರಲಿಲ್ಲ. ಇಬ್ಬರನ್ನೂ ಎದುರುಬದುರು ನಿಲ್ಲಿಸಿದ್ದು ಬೇಲಿ. ಇಬ್ಬರ ಬೆಲೆಯನ್ನೂ ಕಟ್ಟಿದವರು ಮಾತ್ರ ಅದೇ ನಾಲ್ವರು.

ರದ್ದಾದ ಬಳಿಕ ಇನ್ನೊಂದು ವಿಪರೀತ ಬೆಳೆಯಿತು. ಹೊರದೇಶದಿಂದ ಬಂದ ಮಾಂಸವನ್ನು ಅಮೆರಿಕದ ಘಟಕದಲ್ಲಿ ಕತ್ತರಿಸಿ ಪ್ಯಾಕ್ ಮಾಡಿದರೆ ಸಾಕು, ‘ಪ್ರಾಡಕ್ಟ್ ಆಫ್ ಯುಎಸ್‌ಎ’ ಎಂದು ಬರೆಯಲು ಅವಕಾಶವಿತ್ತು. ಇದು ಚೀಟಿ ಇಲ್ಲದ್ದಕ್ಕಿಂತ ಕೆಟ್ಟದ್ದು, ಏಕೆಂದರೆ ಇದು ಗಿರಾಕಿಯ ನಂಬಿಕೆಯನ್ನೇ ಮಾರುತ್ತದೆ. ಈ ತೂತನ್ನು ಮುಚ್ಚಲು 2024ರ ಮಾರ್ಚ್‌ನಲ್ಲಿ ಹೊಸ ನಿಯಮ ಬಂತು: ಆ ಮಾತು ಬರೆಯಬೇಕಾದರೆ ಹುಟ್ಟು, ಸಾಕಣೆ, ಕಡಿತ, ಸಂಸ್ಕರಣೆ ನಾಲ್ಕೂ ಅಮೆರಿಕದಲ್ಲೇ ಆಗಿರಬೇಕು. ಪಾಲಿಸಲು ಗೊತ್ತುಮಾಡಿದ ದಿನ 2026ರ ಜನವರಿ 1. ಬರೆಯುವುದು ಕಡ್ಡಾಯವಲ್ಲ, ಬರೆದರೆ ಸುಳ್ಳು ಬರೆಯುವಂತಿಲ್ಲ. ಬರೆಯಲು ಬಯಸಿದವನೇ ಅದರ ಖರ್ಚನ್ನು ಹೊರುತ್ತಾನೆ, ಚಿವಾವಾದ ಕರು ಸಾಕಿದವನಲ್ಲ. ಮೊದಲೇ ಹಿಡಿಯಬೇಕಾಗಿದ್ದ ದಾರಿ ಇದು ಎಂದು ನಾನು ನಂಬಿದ್ದೇನೆ.

ಈ ನಡುವೆ ಗಡಿಯ ಕರುಗಳಿಗೆ ಬೇರೆ ಸಂಕಟ ಬಂದಿದೆ. ಜೀವಂತ ಮಾಂಸವನ್ನು ತಿನ್ನುವ ಸ್ಕ್ರೂವರ್ಮ್ ಎಂಬ ನೊಣದ ಹುಳು ಮೆಕ್ಸಿಕೋದಲ್ಲಿ ಕಾಣಿಸಿದ್ದರಿಂದ 2024ರ ನವೆಂಬರ್‌ನಲ್ಲಿ ಅಮೆರಿಕ ಗಡಿ ಮುಚ್ಚಿತು, 2025ರ ಫೆಬ್ರುವರಿಯಲ್ಲಿ ತೆರೆಯಿತು, ಮೇ ತಿಂಗಳಲ್ಲಿ ಮತ್ತೆ ಮುಚ್ಚಿತು. ಜುಲೈ 7ರಂದು ಅರಿಜೋನಾದ ಡಗ್ಲಸ್ ದ್ವಾರ ಒಂದನ್ನು ತೆರೆದು ಎರಡೇ ದಿನಕ್ಕೆ ಅದನ್ನೂ ಮುಚ್ಚಿತು. ಅದೇ ವರ್ಷ ಜನವರಿಯ ಎಣಿಕೆಯಲ್ಲಿ ಅಮೆರಿಕದ ದನಗಳ ಸಂಖ್ಯೆ 8 ಕೋಟಿ 67 ಲಕ್ಷ, 1951ರಿಂದೀಚೆಗೆ ಅತಿ ಕಡಿಮೆ. ಆಚೆಯ ಕರು ಬೇಕಿತ್ತು, ಆದರೆ ದಾರಿ ಇರಲಿಲ್ಲ.

ಕಡ್ಡಾಯ ಚೀಟಿ ಮತ್ತೆ ಬರಲಿ ಎಂದು ವಾಷಿಂಗ್ಟನ್ನಿನಲ್ಲಿ ಸೆನೆಟರುಗಳು 2021ರಿಂದ ಮಸೂದೆ ಮಂಡಿಸುತ್ತ ಬಂದಿದ್ದಾರೆ. ಅವರು ಅದನ್ನು ಬರೆಯುವಾಗ ಕಡತದ ಹೊರೆ ಯಾರ ಹೆಗಲಿಗೆ ಬೀಳುತ್ತದೆ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಲಿ. ಸದ್ಯಕ್ಕೆ ಅಮೆರಿಕದ ಅಂಗಡಿಯ ತಣ್ಣನೆಯ ಕಪಾಟಿನಲ್ಲಿ ಕುರಿ, ಮೇಕೆ, ಕೋಳಿ ಮಾಂಸದ ಮೇಲೆ ಮೂಲ ದೇಶದ ಹೆಸರು ಇರಲೇಬೇಕು. ಅದರ ಪಕ್ಕದಲ್ಲೇ ಇರುವ ದನದ ಮಾಂಸದ ಮೇಲೆ ಇರಬೇಕಾಗಿಲ್ಲ.